ಡಬ್ಲಿನ್ನೋ, ಬರ್ಲಿನ್ನೋ?



2025ರ ದೀಪಾವಳಿಯ ಮಾತು. ಅಕ್ಕಲಕೋಟೆಯ ನಮ್ಮ ಅಂಗಡಿಯಲ್ಲಿ ಹೊಸ ಖಾತೆ ಪುಸ್ತಕದ ಪೂಜೆ ಆಗತಾನೆ ಮುಗಿದಿತ್ತು. ಅಂಗಡಿಗೆ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ಆ ದಿನ ಕೆಂಪು ಬಟ್ಟೆಯ ರಟ್ಟಿನ ಒಂದು ಪುಸ್ತಕ ತಂದು, ಮೊದಲ ಪುಟಕ್ಕೆ ಕುಂಕುಮ ಹಚ್ಚಿ ಇಡುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಪ್ರಸಾದ ಹಂಚುತ್ತಿರುವಾಗ ಜತ್ತದಿಂದ ನನ್ನ ಅಕ್ಕ, ಅವಳ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಬಂದರು. ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಕುಳಿತವನೇ ಮೊಬೈಲಿನಲ್ಲಿ ಎರಡು ಪತ್ರ ತೋರಿಸಿದ. ಎರಡೂ ನೌಕರಿಯ ಕರೆ. ಒಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಿಂದ, ಇನ್ನೊಂದು ಜರ್ಮನಿಯ ರಾಜಧಾನಿ ಬರ್ಲಿನ್‌ನಿಂದ. ಡಬ್ಲಿನ್‌ನವರು ವರ್ಷಕ್ಕೆ 75,000 ಯೂರೊ ಕೊಡುವವರು, ಬರ್ಲಿನ್‌ನವರು 66,000. ಹದಿನೈದು ದಿನದೊಳಗೆ ಉತ್ತರ ಕೊಡಬೇಕು.

"ಮಾಮಾ, ನೀವು ಹೇಳ್ರಿ. ಯಾವ ಊರಿಗೆ ಹೋಗೂಣು?" ಎಂದ.

ನಮ್ಮ ಮನೆಯಲ್ಲಿ ಅಂದು ಹತ್ತು ಜನ ಇದ್ದರು. ಹತ್ತೂ ಜನ ಒಂದೇ ಮಾತು ಹೇಳಿದರು: ಡಬ್ಲಿನ್. ಸಂಬಳ 9,000 ಯೂರೊ ಜಾಸ್ತಿ, ಮೇಲಾಗಿ ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಇದರಲ್ಲಿ ಯೋಚನೆ ಮಾಡುವುದೇನಿದೆ? ನಾನೂ ಹಾಗೆಯೇ ಹೇಳಿದೆ. ಸಂತೆಯಲ್ಲಿ ಒಂದು ಧಾರಣೆ ಕೇಳಿ ವ್ಯವಹಾರ ಮುಗಿಸಿದ ಹಾಗೆ ಎರಡು ನಿಮಿಷದಲ್ಲಿ ಒಂದು ಸಂಸಾರದ ಹಣೆಬರಹ ಬರೆದುಬಿಟ್ಟೆವು.

ಸೊಸೆ ಮಾತ್ರ ಸುಮ್ಮನೆ ಕುಳಿತಿದ್ದಳು. ಅವಳು ಬಿ.ಕಾಂ. ಓದಿದವಳು. ಮೂರು ವರ್ಷದಿಂದ ಸೊಲ್ಲಾಪುರದ ಚಾದರು, ಟವೆಲ್ಲುಗಳನ್ನು ಫೋನಿನ ಮೇಲೆಯೇ ಆರ್ಡರು ತೆಗೆದುಕೊಂಡು ಊರೂರಿಗೆ ಕಳಿಸುವ ಸಣ್ಣ ವ್ಯಾಪಾರವನ್ನು ಸ್ವಂತ ಕಾಲ ಮೇಲೆ ನಿಲ್ಲಿಸಿದ್ದಾಳೆ. ಎಲ್ಲರ ಮಾತು ಮುಗಿದ ಮೇಲೆ ಹೊಸ ಪುಸ್ತಕದ ಕಡೆ ನೋಡಿ ಮೆಲ್ಲಗೆ ಕೇಳಿದಳು: "ಮಾಮಾ, ಎಲ್ಲಾರೂ ಇವರ ಖಾತೆ ಅಷ್ಟs ನೋಡಿದ್ರಿ. ನನ್ನ ಖಾತೆ ಯಾವ ಪುಟದಾಗ ಐತ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ನಲವತ್ತು ವರ್ಷ ಗಲ್ಲಾದ ಮೇಲೆ ಕುಳಿತವನು ನಾನು. ಒಬ್ಬನೇ ಗಿರಾಕಿಯ ಖಾತೆ ನೋಡಿ ವರ್ಷದ ಲಾಭ ಹೇಳುವ ಗುಮಾಸ್ತನನ್ನು ಅದೇ ದಿನ ಮನೆಗೆ ಕಳಿಸುತ್ತಿದ್ದೆ. ಆ ತಪ್ಪನ್ನೇ ನಾನು ಮಾಡಿದ್ದೆ. ಆ ರಾತ್ರಿ ಅದೇ ಕೆಂಪು ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಖಾತೆ ತೆರೆದೆವು: ಮಗನದು, ಸೊಸೆಯದು, ಮಗುವಿನದು, ನಮ್ಮ ಅಕ್ಕನದು. ಹದಿನೈದು ದಿನ ವಿಚಾರಿಸಿ ತುಂಬಿದ ಆ ಲೆಕ್ಕವನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತೇನೆ. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಇಂಥ ಎರಡು ಪತ್ರಗಳು ಬರುತ್ತಿವೆ.

ಮೊದಲು ಎರಡು ಊರುಗಳ ಪರಿಚಯ. ಬರ್ಲಿನ್ ದೊಡ್ಡ ನಗರ, ಸುಮಾರು 37 ಲಕ್ಷ ಜನ. 1961ರಿಂದ 1989ರವರೆಗೆ ನಡುವೆ ಗೋಡೆ ಎದ್ದು ಎರಡು ಹೋಳಾಗಿದ್ದ ಊರು, 1990ರಲ್ಲಿ ದೇಶದೊಡನೆ ಮತ್ತೆ ಒಂದಾಯಿತು. ಡಬ್ಲಿನ್ ಅದರ ಮುಂದೆ ಸಣ್ಣದು. 2022ರ ಜನಗಣತಿಯ ಪ್ರಕಾರ ನಗರಸಭೆಯ ಎಲ್ಲೆಯೊಳಗೆ ಆರು ಲಕ್ಷದ ಹತ್ತಿರ, ಸುತ್ತಲ ಬಡಾವಣೆಗಳನ್ನು ಸೇರಿಸಿದರೆ ಹದಿನಾಲ್ಕು ಲಕ್ಷದ ಮೇಲೆ. ದೊಡ್ಡ ದೊಡ್ಡ ಅಮೆರಿಕನ್ ಕಂಪ್ಯೂಟರ್ ಕಂಪನಿಗಳ ಯುರೋಪಿನ ಮುಖ್ಯ ಕಚೇರಿಗಳು ಅಲ್ಲಿವೆ.

ಭಾರತೀಯರಿಗೆ ಇವೆರಡೂ ಹೊಸ ಊರುಗಳಲ್ಲ. ನಮ್ಮ ಮೂರನೆಯ ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು 1926ರಲ್ಲಿ ಡಾಕ್ಟರೇಟ್ ಪಡೆದದ್ದು ಬರ್ಲಿನ್ ವಿಶ್ವವಿದ್ಯಾಲಯದಿಂದ. ಅವರ ನಂತರ ರಾಷ್ಟ್ರಪತಿಯಾದ ವಿ. ವಿ. ಗಿರಿಯವರು 1913ರಿಂದ 1916ರವರೆಗೆ ಕಾಯ್ದೆ ಓದಿದ್ದು ಡಬ್ಲಿನ್‌ನಲ್ಲಿ. ಗಿರಿಯವರು ಮುಂದೆ ಕೇರಳಕ್ಕೂ ಮೈಸೂರಿಗೂ ರಾಜ್ಯಪಾಲರಾಗಿದ್ದವರೆಂದು ಕಾಸರಗೋಡು, ವಯನಾಡಿನ ಹಿರಿಯರಿಗೆ ನೆನಪಿರಬಹುದು. ಬರ್ಲಿನ್‌ಗೂ ನಮ್ಮ ಆಗಮಗಳಿಗೂ ಹಳೆಯ ನಂಟಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಬ್ರೆಕ್ಟ್ ವೇಬರ್ 1880ರ ದಶಕದಲ್ಲಿಯೇ ಜೈನ ಆಗಮಗಳ ಬಗ್ಗೆ ವಿಸ್ತಾರವಾಗಿ ಬರೆದರು. ಅಲ್ಲಿನ ಸರಕಾರಿ ಗ್ರಂಥಾಲಯದಲ್ಲಿರುವ ಜೈನ ಹಸ್ತಪ್ರತಿಗಳ ಸೂಚಿಯನ್ನು ವಾಲ್ಟರ್ ಶುಬ್ರಿಂಗ್ 1944ರಲ್ಲಿ ಪ್ರಕಟಿಸಿದರು. ಇದು ಹೆಮ್ಮೆಯ ಮಾತು. ಆದರೆ ಹೆಮ್ಮೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಖಾತೆಗೆ ಬರೋಣ.

ಮಗನ ಖಾತೆ

ಪತ್ರದ ಮೇಲಿನ ಸಂಬಳ ಬೇರೆ, ಕೈಗೆ ಬರುವ ಸಂಬಳ ಬೇರೆ. 2025ರ ಕಾನೂನಿನ ಪ್ರಕಾರ ಐರ್ಲೆಂಡಿನಲ್ಲಿ ಆದಾಯ ತೆರಿಗೆ ಎರಡೇ ಮೆಟ್ಟಿಲು: ಒಂದು ಮಿತಿಯವರೆಗೆ ಶೇಕಡಾ 20, ಅದರ ಮೇಲಿನದಕ್ಕೆ ಶೇಕಡಾ 40. ಅದರ ಜೊತೆಗೆ ಸಾಮಾಜಿಕ ವಿಮೆ ಮತ್ತು ಇನ್ನೊಂದು ಕರ. ಜರ್ಮನಿಯಲ್ಲಿ ತೆರಿಗೆಗಿಂತ ಹೆಚ್ಚು ಕಡಿತ ವಿಮೆಗಳದ್ದು. ಪಿಂಚಣಿ, ಆರೋಗ್ಯ, ನಿರುದ್ಯೋಗ, ಮುಪ್ಪಿನ ಆರೈಕೆ ಎಂದು ಸಂಬಳದ ಸುಮಾರು ಐದರಲ್ಲಿ ಒಂದು ಪಾಲು ಹೋಗುತ್ತದೆ. ಆದರೆ ಗಂಡ ಹೆಂಡಿರಲ್ಲಿ ಒಬ್ಬರೇ ದುಡಿಯುವಾಗ ಇಬ್ಬರ ಲೆಕ್ಕ ಸೇರಿಸಿ ತೆರಿಗೆ ಹಾಕುವುದರಿಂದ ತೆರಿಗೆ ಇಳಿಯುತ್ತದೆ. ನಮ್ಮ ಹುಡುಗನ ಲೆಕ್ಕದಲ್ಲಿ ಡಬ್ಲಿನ್‌ನಲ್ಲಿ ತಿಂಗಳಿಗೆ ಸುಮಾರು 4,700 ಯೂರೊ ಕೈಗೆ ಬರುತ್ತದೆ, ಬರ್ಲಿನ್‌ನಲ್ಲಿ 3,800. ಮಗುವಿಗೆಂದು ಸರಕಾರ ಕೊಡುವ ತಿಂಗಳ ಭತ್ಯ 2025ರಲ್ಲಿ ಡಬ್ಲಿನ್‌ನಲ್ಲಿ 140, ಬರ್ಲಿನ್‌ನಲ್ಲಿ 255 ಇತ್ತು. ಅದನ್ನೂ ಸೇರಿಸಿದರೆ ಡಬ್ಲಿನ್ ಇನ್ನೂ ಸುಮಾರು 800 ಯೂರೊ ಮುಂದೆ.

ಇಲ್ಲಿಗೆ ಲೆಕ್ಕ ನಿಲ್ಲಿಸಿದರೆ ನಾವು ಹತ್ತು ಜನ ಹೇಳಿದ್ದೇ ಸರಿ. ಆದರೆ ಜಮಾ ಬದಿ ಬರೆದ ಮೇಲೆ ಖರ್ಚಿನ ಬದಿ ಬರೆಯಬೇಕಲ್ಲ?

ಡಬ್ಲಿನ್‌ನಲ್ಲಿ ಮನೆಗಳ ಅಭಾವ ಎಷ್ಟೋ ವರ್ಷಗಳಿಂದ ಇದೆ. ಊರು ಬೆಳೆದಷ್ಟು ವೇಗವಾಗಿ ಮನೆಗಳು ಏಳಲಿಲ್ಲ. ಎರಡು ಕೋಣೆಯ ಮನೆಗೆ ಇವನು ವಿಚಾರಿಸಿದ ಕಡೆಯೆಲ್ಲ 2,300 ಯೂರೊದ ಮೇಲೆಯೇ ಹೇಳಿದರು. ಬರ್ಲಿನ್‌ನಲ್ಲಿ ಅಂಥದೇ ಮನೆಗೆ, ನಗರದ ನಡುಭಾಗ ಬಿಟ್ಟು ಹುಡುಕಿದರೆ, ಕೋಣೆ ಬೆಚ್ಚಗಿಡುವ ಖರ್ಚೂ ಸೇರಿ 1,450ರ ಆಸುಪಾಸು. ಮಗುವನ್ನು ದಿನವಿಡೀ ಬಿಡುವ ಶಿಶುವಿಹಾರಕ್ಕೆ ಡಬ್ಲಿನ್‌ನಲ್ಲಿ ಸರಕಾರದ ಸಹಾಯಧನ ಕಳೆದು ಸುಮಾರು 600 ಯೂರೊ ಆಗಬಹುದೆಂದು ಇವನ ಅಂದಾಜು. ಬರ್ಲಿನ್‌ನಲ್ಲಿ 2018ರ ಆಗಸ್ಟ್‌ನಿಂದ ಶಿಶುವಿಹಾರದ ಶುಲ್ಕವೇ ಇಲ್ಲ. ಊಟಕ್ಕೆಂದು ತಿಂಗಳಿಗೆ 23 ಯೂರೊ ಮಾತ್ರ. ಈ ಎರಡು ಬಾಬು ಕಳೆದು ನೋಡಿದಾಗ ಡಬ್ಲಿನ್‌ನಲ್ಲಿ ಉಳಿದದ್ದು 1,940, ಬರ್ಲಿನ್‌ನಲ್ಲಿ 2,580. ತಕ್ಕಡಿ ಆ ಕಡೆಯಿಂದ ಈ ಕಡೆಗೆ ವಾಲಿತು. ಸಂಬಳ ಕಮ್ಮಿಯಾದ ಊರಿನಲ್ಲಿ ಉಳಿತಾಯ ಜಾಸ್ತಿ.

ಹಾಗೆಂದು ಬರ್ಲಿನ್‌ನಲ್ಲಿ ಮನೆ ಸುಲಭವಾಗಿ ಸಿಗುತ್ತದೆಂದು ತಿಳಿಯಬೇಡಿ. ಆ ಊರಿನ ಬಹುಪಾಲು ಜನ ಬಾಡಿಗೆ ಮನೆಯವರೇ. ಹಳೆಯ ಬಾಡಿಗೆದಾರರು ಜಾಗ ಬಿಡುವುದಿಲ್ಲ. ಖಾಲಿಯಾದ ಒಂದು ಮನೆಗೆ ಹತ್ತಾರು ಅರ್ಜಿ. ಹೊಸಬರು ಮೊದಲ ಕೆಲವು ತಿಂಗಳು ಸಾಮಾನು ಸಹಿತದ ದುಬಾರಿ ಮನೆಯಲ್ಲಿ ಕಳೆಯಬೇಕಾಗುವುದು ಸಾಮಾನ್ಯ. ಅಲ್ಲಿ ಬಾಡಿಗೆಯಲ್ಲಿ ಎರಡು ಜಾತಿ: 'ತಣ್ಣನೆಯ ಬಾಡಿಗೆ' ಎಂದರೆ ಬರಿಯ ಮನೆಗೆ, 'ಬೆಚ್ಚನೆಯ ಬಾಡಿಗೆ' ಎಂದರೆ ನೀರು, ಕಸ, ಕೋಣೆ ಬೆಚ್ಚಗಿಡುವ ಖರ್ಚು ಸೇರಿದ್ದು. ಜಾಹೀರಾತಿನಲ್ಲಿ ತಣ್ಣನೆಯದನ್ನು ನೋಡಿ ಹಿಗ್ಗಿ, ಆಮೇಲೆ ಬೆಚ್ಚನೆಯದನ್ನು ಕಟ್ಟಿ ಬೆವರಿದವರಿದ್ದಾರೆ. ಇನ್ನೊಂದು ಮಾತು ನಮ್ಮ ಹೆಣ್ಣುಮಕ್ಕಳಿಗೆ: ಅಲ್ಲಿ ಎಷ್ಟೋ ಮನೆಗಳನ್ನು ಅಡುಗೆಮನೆಯ ಕಟ್ಟೆ, ಕಪಾಟು, ಒಲೆ ಯಾವುದೂ ಇಲ್ಲದೆ ಕೊಡುತ್ತಾರೆ. ಗೋಡೆಯಲ್ಲಿ ನೀರಿನ ಕೊಳವೆ ಮಾತ್ರ ಇರುತ್ತದೆ. ಎಲ್ಲ ನಾವೇ ಕೂಡಿಸಿಕೊಳ್ಳಬೇಕು. ಡಬ್ಲಿನ್‌ನಲ್ಲಿ ಬಾಡಿಗೆ ಮನೆಗಳು ಸಾಮಾನ್ಯವಾಗಿ ಸಾಮಾನು ಸಹಿತವೇ ಇರುತ್ತವೆ. ಠೇವಣಿಯೂ ಅಷ್ಟೇ: ಐರ್ಲೆಂಡಿನಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಜರ್ಮನಿಯಲ್ಲಿ ಮೂರು ತಿಂಗಳ ತಣ್ಣನೆಯ ಬಾಡಿಗೆಯವರೆಗೆ ಕೇಳಬಹುದು. ಆದ್ದರಿಂದ ಬರ್ಲಿನ್‌ಗೆ ಹೋಗುವವರು ಕೈಯಲ್ಲಿ ಹೆಚ್ಚು ಬಂಡವಾಳ ಇಟ್ಟುಕೊಂಡೇ ವಿಮಾನ ಹತ್ತಬೇಕು.

ಸೊಸೆಯ ಖಾತೆ

ಈ ಪುಟ ತೆರೆದಾಗಲೇ ನಮಗೆ ನಿಜವಾದ ಅಂತರ ಕಂಡದ್ದು.

ಐರ್ಲೆಂಡಿನಲ್ಲಿ ಇಂಥ ನೌಕರಿಗೆ ಹೋಗುವವರಿಗೆ 'ಕ್ರಿಟಿಕಲ್ ಸ್ಕಿಲ್ಸ್' ಎಂಬ ಪರವಾನಗಿ ಕೊಡುತ್ತಾರೆ. ಅವರ ಹೆಂಡತಿಗೆ ಅಥವಾ ಗಂಡನಿಗೆ ಸಿಗುವ ಮುದ್ರೆಗೆ 'ಸ್ಟಾಂಪ್ 1ಜಿ' ಎಂದು ಹೆಸರು. ಬೇರೆ ಪರವಾನಗಿ ಇಲ್ಲದೆ ಯಾರ ಹತ್ತಿರ ಬೇಕಾದರೂ ನೌಕರಿ ಮಾಡಬಹುದು. ಇದು ಒಳ್ಳೆಯದೇ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಷರತ್ತಿದೆ: ಸ್ವಂತ ವ್ಯಾಪಾರ ಮಾಡುವಂತಿಲ್ಲ, ಸ್ವಂತ ಉದ್ಯೋಗ ನಡೆಸುವಂತಿಲ್ಲ. ಅಂದರೆ ನಮ್ಮ ಸೊಸೆ ಬೇರೆಯವರ ಅಂಗಡಿಯಲ್ಲಿ ಚಾದರು ಮಡಚಬಹುದು, ತನ್ನದೇ ಚಾದರು ಮಾರುವಂತಿಲ್ಲ. ಮುಂದೆ 'ಸ್ಟಾಂಪ್ 4' ಬರುವವರೆಗೆ ಆ ಬಾಗಿಲು ಮುಚ್ಚಿದ್ದೇ.

ಜರ್ಮನಿಯಲ್ಲಿ ಗಂಡನಿಗೆ 'ಬ್ಲೂ ಕಾರ್ಡ್' ಸಿಕ್ಕರೆ ಹೆಂಡತಿಗೆ ಸಿಗುವ ವಾಸದ ಪರವಾನಗಿಯಲ್ಲಿ ನೌಕರಿಗೂ ಸ್ವಂತ ಉದ್ಯೋಗಕ್ಕೂ ಅವಕಾಶವಿದೆ. ಊರಿನ ವ್ಯಾಪಾರ ಕಚೇರಿಯಲ್ಲಿ ಅಲ್ಪ ಶುಲ್ಕ ಕೊಟ್ಟು ಹೆಸರು ನೋಂದಾಯಿಸಬೇಕು. 2025ರಿಂದ ಜಾರಿಯಾದ ನಿಯಮದಂತೆ ಹಿಂದಿನ ವರ್ಷದ ವಹಿವಾಟು 25,000 ಯೂರೊ ದಾಟದ ಸಣ್ಣ ವ್ಯಾಪಾರಿ ಗಿರಾಕಿಯಿಂದ ಮಾರಾಟ ತೆರಿಗೆ ವಸೂಲು ಮಾಡದಿರುವ ಸೌಲಭ್ಯವನ್ನು ಪಡೆಯಬಹುದು. ಕಾಗದಪತ್ರ ಕಮ್ಮಿಯೇನಲ್ಲ. ಪೊಟ್ಟಣ ಕಟ್ಟಿ ಗಿರಾಕಿಗೆ ಕಳಿಸುವವನು ಆ ಪೊಟ್ಟಣದ ರಟ್ಟು, ಪ್ಲಾಸ್ಟಿಕ್ಕಿಗೂ ನೋಂದಣಿ ಮಾಡಿಸಬೇಕಾದ ದೇಶ ಅದು. ಎಲ್ಲ ಜರ್ಮನ್ ಭಾಷೆಯಲ್ಲಿ. ಆದರೂ ಬಾಗಿಲು ತೆರೆದಿದೆ, ಕಷ್ಟಪಟ್ಟವರು ಒಳಗೆ ಹೋಗಬಹುದು.

ಹಿಂದೆ ನಮ್ಮ ಹಿರಿಯರು ವ್ಯಾಪಾರಕ್ಕೆಂದು ಊರು ಬಿಟ್ಟಾಗ ಹೆಂಗಸರು ಮನೆಯ ಹಿಂಬದಿಯಲ್ಲಿ ಕುಳಿತು ಅಂಗಡಿಯ ಅರ್ಧ ಕೆಲಸ ಮಾಡುತ್ತಿದ್ದರು. ಅವರ ಹೆಸರು ಪುಸ್ತಕದಲ್ಲಿ ಬರಲಿಲ್ಲ ಅಷ್ಟೇ. ಇಂದಿನ ಸೊಸೆಯ ಹೆಸರು ಪುಸ್ತಕದಲ್ಲಿದೆ. ಗಂಡನ ಸಂಬಳದ ಆಸೆಗೆ ಆ ಹೆಸರನ್ನು ಅಳಿಸುವುದು ಅಹಿಂಸೆ ಎನಿಸೀತೇ? ನನಗೆ ನಾನೇ ಕೇಳಿಕೊಂಡ ಪ್ರಶ್ನೆ ಇದು.

ಭಾಷೆಯ ಮಾತು

"ಆದರ ಮಾಮಾ, ಅಲ್ಲಿ ಜರ್ಮನ್ ಬರಬೇಕಲ್ರಿ?" ಎಂದು ಹುಡುಗ ಹೆದರಿದ. ಡಬ್ಲಿನ್‌ನ ದೊಡ್ಡ ಬಲ ಇದೇ. ಬಸ್ಸಿನ ಚಾಲಕನಿಂದ ಹಿಡಿದು ವೈದ್ಯರವರೆಗೆ ಎಲ್ಲರ ಹತ್ತಿರ ಮೊದಲ ದಿನದಿಂದಲೇ ಮಾತಾಡಬಹುದು. ಬರ್ಲಿನ್‌ನ ಕಂಪ್ಯೂಟರ್ ಕಚೇರಿಗಳಲ್ಲಿ ಇಂಗ್ಲಿಷ್ ನಡೆದೀತು. ಆದರೆ ಸರಕಾರಿ ಕಚೇರಿ, ಶಾಲೆ, ಬಾಡಿಗೆ ಕರಾರು, ತೆರಿಗೆಯ ಪತ್ರ ಎಲ್ಲ ಜರ್ಮನ್. ಮನೆ ಸಿಕ್ಕ ಹದಿನಾಲ್ಕು ದಿನದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು, ಆ ನೋಂದಣಿಗೆ ಸಮಯ ಸಿಗುವುದೇ ಒಂದು ಸಾಹಸ.

ಬಂಧುಗಳೇ, ಇಲ್ಲಿ ನಾನು ಹುಡುಗನಿಗೆ ನಮ್ಮ ಕಥೆಯನ್ನೇ ಹೇಳಿದೆ. ನಾವು ಗಡಿಯ ಜನ. ಅಕ್ಕಲಕೋಟೆ, ಜತ್ತದಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ವಕೀಲರ ಮುಂದೆ ಇನ್ನೊಂದು. ಕಾಸರಗೋಡಿನ ನಮ್ಮವರು ಮಲಯಾಳದಲ್ಲಿ ವ್ಯವಹಾರ ಮಾಡುತ್ತಾರೆ, ಹೊಸೂರಿನವರು ತಮಿಳಿನಲ್ಲಿ, ಆದೋನಿಯವರು ತೆಲುಗಿನಲ್ಲಿ. ನನ್ನ ಅಜ್ಜ ನಾಲ್ಕನೆಯ ಇಯತ್ತೆ ಓದಿದವರು, ನಾಲ್ಕು ಭಾಷೆಯಲ್ಲಿ ಗಿರಾಕಿಯನ್ನು ನಗಿಸುತ್ತಿದ್ದರು. ಸರಕಾರದ ಭಾಷೆ ಬೇರೆ, ಮನೆಯ ಭಾಷೆ ಬೇರೆ ಎಂಬುದು ಬೇರೆಯವರಿಗೆ ಹೆದರಿಕೆಯ ಮಾತು, ನಮಗೆ ದಿನನಿತ್ಯದ ಬದುಕು. ಜರ್ಮನ್ ಕಲಿಯಲಾರೆವೆಂದು ನಾವು ಹೇಳಿದರೆ ಹಿರಿಯರು ನಕ್ಕಾರು. ಅಲ್ಲದೆ ಭಾಷೆ ಕಲಿತವನಿಗೆ ಅಲ್ಲಿ ಲಾಭವೂ ಉಂಟು. ಬ್ಲೂ ಕಾರ್ಡ್ ಇದ್ದವನಿಗೆ ಪ್ರಾಥಮಿಕ ಮಟ್ಟದ ಜರ್ಮನ್ ಬಂದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಪರೀಕ್ಷೆ ಪಾಸಾದರೆ 21 ತಿಂಗಳಿಗೇ.

ಮಗುವಿನ ಖಾತೆ

ನಾಲ್ಕು ವರ್ಷದ ಮಗು ಯಾವ ಭಾಷೆಯನ್ನಾದರೂ ಆಟದಲ್ಲಿಯೇ ಹೀರಿಕೊಳ್ಳುತ್ತದೆ. ಬರ್ಲಿನ್‌ನಲ್ಲಿ ಆರರ ಸುಮಾರಿಗೆ ಶಾಲೆ, ಪ್ರಾಥಮಿಕ ಶಿಕ್ಷಣ ಆರು ವರ್ಷ. ಮುಂದೆ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಡಬ್ಲಿನ್‌ನಲ್ಲಿ ನಾಲ್ಕೈದು ವರ್ಷಕ್ಕೇ ಶಾಲೆಗೆ ಕಳಿಸುವ ರೂಢಿ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಸಂಸ್ಥೆಗಳ ಆಶ್ರಯದವು. ದೀಕ್ಷಾಸ್ನಾನವಾಗದ ಮಕ್ಕಳನ್ನು ಹಿಂದಕ್ಕೆ ತಳ್ಳುವ ಪದ್ಧತಿಯನ್ನು 2018ರ ಕಾನೂನು ಆ ಶಾಲೆಗಳಲ್ಲಿ ನಿಲ್ಲಿಸಿತು. ಎಲ್ಲ ಮತದವರಿಗೂ ಸಮಾನವಾದ 'ಎಜುಕೇಟ್ ಟುಗೆದರ್' ಶಾಲೆಗಳೂ ಇವೆ. ಮನೆ ಹಿಡಿಯುವ ಮೊದಲು ಹತ್ತಿರದ ಶಾಲೆ ಯಾವುದೆಂದು ನೋಡಿಕೊಳ್ಳಬೇಕು ಅಷ್ಟೇ.

ಆದರೆ ಮಗುವಿನ ವಯಸ್ಸು ನಾಲ್ಕಲ್ಲದೆ ಹದಿನಾಲ್ಕಾಗಿದ್ದರೆ ನನ್ನ ಸಲಹೆಯೇ ಬೇರೆ. ಹತ್ತನೆಯ ಇಯತ್ತೆಯ ಹೊಸ್ತಿಲಿನಲ್ಲಿರುವ ಹುಡುಗನನ್ನು ಗೊತ್ತಿಲ್ಲದ ಭಾಷೆಯ ತರಗತಿಯಲ್ಲಿ ಕೂಡಿಸುವುದೆಂದರೆ ಅವನ ಎರಡು ವರ್ಷವನ್ನು ಅಡವಿಟ್ಟ ಹಾಗೆ. ಅಂಥ ಮನೆಯವರು ಕಣ್ಣು ಮುಚ್ಚಿ ಡಬ್ಲಿನ್ ಎನ್ನಬಹುದು.

ಕಾಯಿಲೆಯ ಮಾತು. ಜರ್ಮನಿಯಲ್ಲಿ ದುಡಿಯುವವನ ಸರಕಾರಿ ಆರೋಗ್ಯ ವಿಮೆಯಲ್ಲಿಯೇ ದುಡಿಮೆಯಿಲ್ಲದ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಸೇರುತ್ತಾರೆ. ಐರ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ 2023ರಿಂದ ವೈದ್ಯರ ಭೇಟಿ ಉಚಿತ. ಸರಕಾರಿ ಆಸ್ಪತ್ರೆಯಲ್ಲಿ ಒಳರೋಗಿಯ ದಿನದ ಶುಲ್ಕವನ್ನೂ ಅದೇ ವರ್ಷ ತೆಗೆದರು. ದೊಡ್ಡವರು ಮಾತ್ರ ಪ್ರತಿ ಸಲ ವೈದ್ಯರಿಗೆ ಹಣ ಕೊಡಬೇಕು. ಸರದಿ ಕಾಯುವುದನ್ನು ತಪ್ಪಿಸಲು ಅನೇಕರು ಖಾಸಗಿ ವಿಮೆಯನ್ನೂ ಮಾಡಿಸುತ್ತಾರೆ.

ಊಟ, ಹವೆ, ಹೊತ್ತು

ಈ ವಿಷಯವನ್ನು ಕೇಳದೆ ನಮ್ಮ ಅಕ್ಕ ಬಿಡಲಿಲ್ಲ. ಬರ್ಲಿನ್ ಶಾಕಾಹಾರಿಗಳಿಗೆ ಅನುಕೂಲವಾದ ಊರು, ಹಾಲು ತುಪ್ಪವನ್ನೂ ಬಿಟ್ಟವರಿಗೂ ಅಲ್ಲಿ ಊಟ ಸಿಗುತ್ತದೆ. ಡಬ್ಲಿನ್‌ನಲ್ಲಿ ಭಾರತೀಯ ಕಿರಾಣಿ ಅಂಗಡಿಗಳಿಗೆ ಕೊರತೆಯಿಲ್ಲ. ಎರಡೂ ಕಡೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದದೆ ಮಿಠಾಯಿ ಕೊಳ್ಳಬಾರದು. ಮಕ್ಕಳು ಆಸೆಪಡುವ ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಗಳ ಎಲುಬು ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಶಿಶುವಿಹಾರಕ್ಕೆ ಸೇರಿಸುವ ದಿನವೇ ಊಟದ ನಿಯಮವನ್ನು ಬರೆದುಕೊಡಬೇಕು.

ಹೊತ್ತು ಮುಳುಗುವ ಮೊದಲು ಉಣ್ಣುವವರಿಗೆ ಎರಡು ಊರುಗಳೂ ಸಮಾನ ಪರೀಕ್ಷೆ. ಡಿಸೆಂಬರ್ ಮೂರನೆಯ ವಾರದಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಮಧ್ಯಾಹ್ನ ನಾಲ್ಕಕ್ಕೆ ಐದಾರು ನಿಮಿಷ ಇರುವಾಗಲೇ ಮುಳುಗುತ್ತಾನೆ, ಡಬ್ಲಿನ್‌ನಲ್ಲಿ ನಾಲ್ಕು ದಾಟಿ ಎಂಟು ನಿಮಿಷಕ್ಕೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯ ಮೇಲೂ ಬೆಳಕು. ಚಳಿಗಾಲದಲ್ಲಿ ಕಚೇರಿಯಲ್ಲಿಯೇ ಮೂರೂವರೆಗೆ ಡಬ್ಬಿ ಬಿಚ್ಚಬೇಕು, ಇಲ್ಲವೆ ನಿಯಮವನ್ನು ಯಾವ ರೀತಿ ಪಾಲಿಸುವುದೆಂದು ಹಿರಿಯರನ್ನು ಕೇಳಿಕೊಂಡು ಹೊರಡಬೇಕು. ಜನವರಿಯ ಬರ್ಲಿನ್ ಸೊನ್ನೆ ಡಿಗ್ರಿಯ ಆಸುಪಾಸು, ಹಿಮ ಬೀಳುತ್ತದೆ. ಆದರೆ ಬೇಸಿಗೆ ಚೆನ್ನಾಗಿ ಬೆಚ್ಚಗೆ. ಡಬ್ಲಿನ್‌ನಲ್ಲಿ ಜನವರಿಯಲ್ಲಿ ಐದು ಡಿಗ್ರಿ, ಹಿಮ ಅಪರೂಪ. ಆದರೆ ತುಂತುರು ಮಳೆ ಮತ್ತು ಗಾಳಿ ವರ್ಷಪೂರ್ತಿ. ನಮ್ಮ ಬಿಸಿಲಿನ ಜನಕ್ಕೆ ಚಳಿಗಿಂತ ಆ ಕತ್ತಲೆಯೇ ಹೆಚ್ಚು ಕಾಡುತ್ತದೆಂದು ಅಲ್ಲಿದ್ದು ಬಂದವರು ಹೇಳುತ್ತಾರೆ.

ಹಬ್ಬ ಹುಣ್ಣಿಮೆಗೆ ನಮ್ಮವರನ್ನು ಕೂಡುವ ಮಾತು. ಯುರೋಪಿನಲ್ಲಿ ನಮ್ಮ ಸಮಾಜದ ಹೆಸರುವಾಸಿ ಮಂದಿರಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಲಂಡನ್ ಹತ್ತಿರದ ಪಾಟರ್ಸ್ ಬಾರ್‌ನಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ಇವೆ. ನಕಾಶೆಯಲ್ಲಿ ಲೆಸ್ಟರ್ ಡಬ್ಲಿನ್‌ಗೆ ಹತ್ತಿರ. ಆದರೆ ಐರ್ಲೆಂಡಿನ ವಾಸದ ಕಾಗದ ಇಟ್ಟುಕೊಂಡು ಭಾರತೀಯರು ಇಂಗ್ಲೆಂಡಿಗೆ ಹೋಗಲಾಗದು, ಬೇರೆ ವೀಸಾ ಬೇಕು. ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಯೂ ಇಲ್ಲವಾದ್ದರಿಂದ ಬೆಲ್ಜಿಯಮ್ಮಿಗೂ ಬೇರೆ ವೀಸಾ. ಜರ್ಮನಿಯ ವಾಸದ ಪರವಾನಗಿ ಇದ್ದವರು ಆಂಟ್‌ವರ್ಪ್‌ಗೆ ವೀಸಾ ಇಲ್ಲದೆ ರೈಲಿನಲ್ಲಿಯೇ ಹೋಗಿ ಬರಬಹುದು.

ಇನ್ನೊಂದು ವಿಷಯ ಮುಚ್ಚಿಡಬಾರದು. 2023ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ವಲಸಿಗರ ವಿರುದ್ಧ ದೊಡ್ಡ ಗಲಭೆಯಾಯಿತು. 2025ರ ಜುಲೈ, ಆಗಸ್ಟ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳು ನಡೆದು, ನಮ್ಮ ರಾಯಭಾರ ಕಚೇರಿಯೇ ಎಚ್ಚರಿಕೆ ಹೊರಡಿಸಿತು. ಆ ದೇಶದ ಅಧ್ಯಕ್ಷರು ಹಲ್ಲೆಗಳನ್ನು ಖಂಡಿಸಿದರು. ಜರ್ಮನಿಯಲ್ಲಿಯೂ ವಲಸೆ ವಿರೋಧಿ ಪಕ್ಷ 2025ರ ಚುನಾವಣೆಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿದೆ. ಆದ್ದರಿಂದ ಒಂದು ಊರು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ತೀರ್ಪು ಕೊಡುವಂತಿಲ್ಲ. ಊರಿಗಿಂತ ಬಡಾವಣೆ ಮುಖ್ಯ. ಅಲ್ಲಿಯೇ ಇರುವ ನಮ್ಮವರನ್ನು ಕೇಳಿ ಮನೆ ಹಿಡಿಯುವುದು ಜಾಣತನ.

ಅಕ್ಕನ ಖಾತೆ

ಈ ಪುಟವನ್ನು ಎಲ್ಲರಿಗಿಂತ ಕೊನೆಗೆ ತೆರೆದೆವು. ಭಾವ ತೀರಿಹೋದ ಮೇಲೆ ಅಕ್ಕನಿಗೆ ಈ ಮಗನೊಬ್ಬನೇ. ಪುಣೆಯಿಂದ ಅವನು ತಿಂಗಳಿಗೊಮ್ಮೆ ಜತ್ತಕ್ಕೆ ಬರುತ್ತಿದ್ದ.

ಐರ್ಲೆಂಡಿನಲ್ಲಿ ತಂದೆತಾಯಿಯರನ್ನು ಕಾಯಂ ಕರೆಸಿಕೊಳ್ಳುವ ಷರತ್ತು ಬಹಳ ಬಿಗಿ. ಜರ್ಮನಿಯಲ್ಲಿ 2024ರ ಮಾರ್ಚ್ 1ರ ನಂತರ ಮೊದಲ ಸಲ ಪರವಾನಗಿ ಪಡೆದ ಬ್ಲೂ ಕಾರ್ಡಿನಂಥ ನೌಕರಿಯವರಿಗೆ ತಂದೆತಾಯಿಯರನ್ನು ಕರೆಸಲು ಒಂದು ಹೊಸ ದಾರಿ ತೆರೆದಿದೆ. ಕಾಗದದಲ್ಲಿ ದಾರಿ ಇದೆ, ನಡೆಯುವುದು ಕಷ್ಟ. ಮುಪ್ಪಿನವರಿಗೆ ಪೂರ್ತಿ ಆರೋಗ್ಯ ವಿಮೆ ತೋರಿಸಬೇಕು, ಅದು ಸಿಗುವುದು ದುರ್ಲಭ, ಸಿಕ್ಕರೂ ಬಲು ದುಬಾರಿ. ಮೇಲಾಗಿ ಅಕ್ಕನೇ ಹೇಳಿಬಿಟ್ಟಳು: "ನಾ ಎಲ್ಲೀಗೂ ಬರೂದಿಲ್ಲಪಾ. ನನಗ ಬಸದಿ ಗಂಟಿ ಕೇಳಬೇಕು."

ಈ ಖಾತೆ ಡಬ್ಲಿನ್‌ನಲ್ಲಿಯೂ ತಾಳೆಯಾಗಲಿಲ್ಲ, ಬರ್ಲಿನ್‌ನಲ್ಲಿಯೂ ತಾಳೆಯಾಗಲಿಲ್ಲ. ತಾಳೆಯಾಗುತ್ತದೆಂದು ಸುಳ್ಳು ಬರೆಯುವುದಕ್ಕಿಂತ ಬಾಕಿ ಎಂದು ಬರೆದಿಡುವುದು ಮೇಲು ಎಂದು ನಾನು ಹೇಳಿದೆ. ಬಾಕಿ ಬರೆದಿದ್ದರೆ ತೀರಿಸುವ ನೆನಪಾದರೂ ಇರುತ್ತದೆ. ಮೂರು ಕರಾರು ಮಾಡಿದೆವು. ವರ್ಷಕ್ಕೆ ಒಂದು ಸಲ ಎಲ್ಲರೂ ಬರತಕ್ಕದ್ದು, ಅದರ ಟಿಕೆಟ್ಟಿನ ಹಣವನ್ನು ತಿಂಗಳ ಖರ್ಚಿನಲ್ಲಿಯೇ ತೆಗೆದಿಡತಕ್ಕದ್ದು. ಅಕ್ಕನ ಔಷಧ, ಆಸ್ಪತ್ರೆಯ ಜವಾಬ್ದಾರಿ ನನ್ನದು, ಹಣ ಅವನದು. ಮೂರನೆಯದನ್ನು ಸೊಸೆಯೇ ಸೇರಿಸಿದಳು: ಮೊಮ್ಮಗಳು ಪ್ರತಿ ರವಿವಾರ ಅಜ್ಜಿಗೆ ಕನ್ನಡದಲ್ಲಿ ಕೈಯಾರೆ ಬರೆದ ನಾಲ್ಕು ಸಾಲು ತೋರಿಸತಕ್ಕದ್ದು. ಜರ್ಮನಿಯಲ್ಲಿ ರವಿವಾರ ಅಂಗಡಿಗಳೇ ತೆರೆಯುವುದಿಲ್ಲವಂತೆ. ವ್ಯಾಪಾರವಿಲ್ಲದ ದಿನ ಅಕ್ಷರಾಭ್ಯಾಸವಾಗಲಿ.

ಹದಿನಾಲ್ಕನೆಯ ದಿನ ಹುಡುಗ ಬರ್ಲಿನ್‌ನವರಿಗೆ ಒಪ್ಪಿಗೆ ಬರೆದ. ಹತ್ತು ಜನರ ಮೊದಲ ತೀರ್ಮಾನ ತಿರುಗಿತು. ಬ್ಲೂ ಕಾರ್ಡ್ ಇರುವವನ ಹೆಂಡತಿಗೆ ಭಾಷೆಯ ಪರೀಕ್ಷೆ ಕಡ್ಡಾಯವಲ್ಲ. ಆದರೂ ಮರುವಾರವೇ ನಮ್ಮ ಸೊಸೆ ಜರ್ಮನ್ ಪಾಠ ಶುರುಮಾಡಿದಳು. "ವ್ಯಾಪಾರ ಮಾಡಾಕಿಗೆ ಗಿರಾಕಿ ಭಾಷಾ ಬರಬೇಕಲ್ರಿ ಮಾಮಾ" ಎಂದಳು. ನನ್ನ ಅಜ್ಜ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ನಿಮ್ಮ ಮನೆಯ ತೀರ್ಮಾನ ಬರ್ಲಿನ್ ಆಗಬೇಕೆಂದೇನೂ ಇಲ್ಲ. ದೊಡ್ಡ ಮಕ್ಕಳಿರುವವರಿಗೆ, ಗಂಡ ಹೆಂಡಿರಿಬ್ಬರೂ ಇಂಗ್ಲಿಷಿನಲ್ಲಿಯೇ ನೌಕರಿ ಮಾಡುವವರಿಗೆ ಡಬ್ಲಿನ್ನೇ ಅನುಕೂಲ. ಎರಡೂ ದೇಶಗಳಲ್ಲಿ ಸಾಮಾನ್ಯವಾಗಿ ಐದು ವರ್ಷ ವಾಸವಾದ ಮೇಲೆ ಪೌರತ್ವ ಕೇಳಬಹುದು. ಜರ್ಮನಿ ಭಾಷೆಯ ಪರೀಕ್ಷೆ ಕೇಳುತ್ತದೆ, ಐರ್ಲೆಂಡ್ ಕೇಳುವುದಿಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಅದನ್ನು ತೆಗೆದುಕೊಂಡರೆ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಇದನ್ನು ಇಂದೇ ತಿಳಿದಿರಿ. ನಾನು ಕೊಟ್ಟ ಅಂಕಿಗಳು 2025ರವು, ಸರಕಾರಗಳು ವರ್ಷಕ್ಕೊಮ್ಮೆ ಬದಲಿಸುತ್ತವೆ. ಹೊರಡುವವರು ಆಯಾ ರಾಯಭಾರ ಕಚೇರಿಯಲ್ಲಿ ಹೊಸ ಅಂಕಿ ಕೇಳಿಕೊಳ್ಳಬೇಕು.

ಅಂಕಿ ಬದಲಾದರೂ ಲೆಕ್ಕದ ರೀತಿ ಬದಲಾಗದು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಖಾತೆ ತೆರೆಯಿರಿ. ಮಾತಾಡದೆ ಕುಳಿತವರ ಖಾತೆಯನ್ನು ಮೊದಲು ತೆರೆಯಿರಿ. ಹಿಂದೆ ಉಳಿಯುವವರ ಖಾತೆಯಲ್ಲಿ ಬಾಕಿ ಇದ್ದರೆ ಬಾಕಿ ಎಂದೇ ಬರೆಯಿರಿ. ಆಮೇಲೆ ಊರಿನ ಹೆಸರು ಹೇಳಿ.

ನಮ್ಮ ಅಂಗಡಿಯ ಕೆಂಪು ಪುಸ್ತಕದ ಹಿಂದಿನ ಪುಟ ಇನ್ನೂ ಹಾಗೆಯೇ ಇದೆ. ಬರುವ ದೀಪಾವಳಿಗೆ ಅಕ್ಕನ ಬಾಕಿ ಎಷ್ಟು ತೀರಿತೆಂದು ನೋಡಿಯೇ ಹೊಸ ಪುಸ್ತಕ ತೆರೆಯುವುದೆಂದು ಮಾತಾಗಿದೆ.